ಗುಡ್ಡ ಹತ್ತಿದ ವೈಫೈ

"ಬಂತು ಹೇಮಕ್ಕ, ಬಂತು! ಮೂರು ಗೆರೆ ಬಂದ್ವು!"

ಲತಾ ಫೋನನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು ಗುಡ್ಡದ ನೆತ್ತಿಯ ಮೇಲೆ ನಿಂತಿದ್ದಳು. ನಾನು ಇನ್ನೂ ಅರ್ಧ ದಾರಿಯಲ್ಲಿ, ಕಾರೆಮುಳ್ಳಿಗೆ ಸಿಕ್ಕಿದ ಸೆರಗು ಬಿಡಿಸಿಕೊಳ್ಳುತ್ತ, ನನ್ನ ಮಂಡಿಗೂ ಈ ಕೇಸಿಗೂ ಒಟ್ಟಿಗೇ ಶಾಪ ಹಾಕುತ್ತಿದ್ದೆ.

"ಏನೇ ಬಂತು? ಹೆಸರು ಓದೇ ತಾಯಿ!"

"ವೇದಾವತಿ ಮೂರು!"

ನಾನು ಅಲ್ಲೇ ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟೆ.

ಯಾಕೆಂದರೆ ವೇದಾವತಿ-ಮೂರು ಅನ್ನುವುದು ಒಂದು ದೋಣಿ. ಆ ದೋಣಿಯನ್ನು ಬೆಳಿಗ್ಗೆ ನಾನೇ ಕಣ್ಣಾರೆ ನೋಡಿ ಬಂದಿದ್ದೆ, ಪೊಲೀಸರು ದಡಕ್ಕೆಳೆದು ಹಗ್ಗ ಸುತ್ತಿ ನಿಲ್ಲಿಸಿದ್ದರು. ಇಲ್ಲಿ ನೋಡಿದರೆ ಸುತ್ತ ಕಲ್ಲು, ಮುಳ್ಳು, ಒಣಹುಲ್ಲು. ಹಿನ್ನೀರು ಎಲ್ಲೋ ಕೆಳಗೆ ಒಂದು ಬಿಳಿ ಗೆರೆಯ ಹಾಗೆ ಕಾಣುತ್ತಿತ್ತು. ದೋಣಿಯ ವೈಫೈ ಗುಡ್ಡ ಹತ್ತುವುದು ಅಂದರೇನು? ಶಿವನೇ, ಇದನ್ನು ಯಾವ ಠಾಣೆಯಲ್ಲಿ ಹೇಳಿದರೂ ನನ್ನನ್ನು ಮೊದಲು ಆಸ್ಪತ್ರೆಗೆ ಕಳಿಸುತ್ತಾರೆ.

ಹಿಂದಿನದನ್ನು ಒಂದೇ ಉಸಿರಿಗೆ ಹೇಳಿಬಿಡುತ್ತೇನೆ: ಮಾರಿಕಣಿವೆ ಹಿನ್ನೀರಿನ ಬೋಟಿಂಗ್ ಪಾಯಿಂಟಿನಲ್ಲಿ ದೋಣಿ ನಡೆಸುತ್ತಿದ್ದ ರಂಗೇಶ್ ಕಳೆದ ವಾರ ಕಾಣೆಯಾದ; ದೋಣಿ ಸಿಕ್ಕಿತು, ದೋಣಿಯೊಳಗೆ ಅವನ ಚಪ್ಪಲಿ ಸಿಕ್ಕಿದವು, ರಂಗೇಶ್ ಮಾತ್ರ ಸಿಗಲಿಲ್ಲ.

ಲತಾ ಅವನ ಹೆಂಡತಿ. ಅದೇ ಬೋಟಿಂಗ್ ಪಾಯಿಂಟಿನಲ್ಲಿ ಟಿಕೆಟ್ ಹರಿಯುವವಳು. ನಾನು ಹೇಮಾವತಿ, ಹಿರಿಯೂರು ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದು ನಿವೃತ್ತಳಾದವಳು. ನಿವೃತ್ತಿ ಅನ್ನುವುದು ಹೆಸರಿಗೆ ಮಾತ್ರ. ಯಾರ ಮನೆಯಲ್ಲಿ ಏನು ಕಳೆದರೂ ಜನ ನನ್ನ ಬಾಗಿಲಿಗೇ ಬರುತ್ತಾರೆ. ಲತಾ ಬಂದಾಗ ಕಳೆದದ್ದು ಗಂಡ.

"ಅಕ್ಕ, ಎದ್ದು ಬರ್ರಿ! ಎರಡು ಗೆರೆ ಆಯ್ತು. ಆ ಕಡೆ ಹೋಗ್ತೈತೆ."

"ಹೋಗ್ತೈತೆ ಅಂದ್ರೆ? ಅದಕ್ಕೇನು ಕಾಲು ಐತಾ?"

"ನಂಗೇನು ಗೊತ್ತಕ್ಕ! ನಿನ್ನೆ ನಮ್ಮ ಹೊಲದ ಹತ್ರ ಸಿಕ್ತು. ಮೊನ್ನೆ ಮಾಡದಕೆರೆ ದಾರಿಯಾಗೆ ಸಿಕ್ತು. ಈಗ ಇಲ್ಲಿ."

ಈ ವೈಫೈ ಸಂಗತಿಯನ್ನು ಅವಳು ನನಗೆ ಮೂರು ಸಲ ಬಿಡಿಸಿ ಹೇಳಿದ್ದಳು. ಮೂರನೆಯ ಸಲಕ್ಕೆ ನನ್ನ ತಲೆಗೆ ಸ್ವಲ್ಪ ಇಳಿದಿತ್ತು. ವಾರದ ಕೊನೆಗೆ ಬರುವ ಜನಕ್ಕೆ ನೀರಿನ ನಡುವೆ ಕೂತರೂ ನೆಟ್ ಬೇಕು. ದೋಣಿ ನೋಡುವುದಕ್ಕಿಂತ ದೋಣಿಯಲ್ಲಿ ಕೂತ ತಮ್ಮನ್ನು ಊರಿಗೆಲ್ಲ ತೋರಿಸುವುದೇ ಅವರಿಗೆ ಮುಖ್ಯ. ಅದಕ್ಕೇ ದಡದ ಮೇಲೆ ಒಂದು ಎತ್ತರದ ಕಂಬ, ಪ್ರತಿ ದೋಣಿಗೂ ಒಂದು ಪೆಟ್ಟಿಗೆ. ಕಂಬದಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಜನರ ಫೋನಿಗೆ. ಪೆಟ್ಟಿಗೆಯ ನೆತ್ತಿಯ ಮೇಲೆ ಅಂಗೈಯಷ್ಟು ಸೋಲಾರ್ ಹಲಗೆ. ಕಂಬದಿಂದ ದೂರ ಹೋದರೆ ನೆಟ್ ಬರುವುದಿಲ್ಲ, ಆದರೆ ಪೆಟ್ಟಿಗೆ ಹತ್ತಿರದ ಫೋನುಗಳಿಗೆಲ್ಲ ತನ್ನ ಹೆಸರು ಕೂಗಿ ಹೇಳುತ್ತಲೇ ಇರುತ್ತದೆ. ಹಿಂದೊಮ್ಮೆ ಸೇರಿದ ಫೋನು ಹತ್ತಿರ ಬಂದರೆ ಕೇಳದೆಯೇ ಹೋಗಿ ಅಂಟಿಕೊಳ್ಳುತ್ತದೆ.

ದೋಣಿ ಸಿಕ್ಕಾಗ ಆ ಪೆಟ್ಟಿಗೆ ಇರಲಿಲ್ಲ. ನೀರಿಗೆ ಬಿದ್ದಿರಬೇಕು ಅಂತ ಎಲ್ಲರೂ ಅಂದುಕೊಂಡರು, ನಾನೂ ಅಂದುಕೊಂಡೆ.

ನೀರಿಗೆ ಬಿದ್ದದ್ದು ಮಾಡದಕೆರೆ ದಾರಿಯಲ್ಲಿ ಓಡಾಡುತ್ತದೆಯೇ?

ಅಷ್ಟರಲ್ಲಿ ಲತಾಳ ಫೋನು ಹೊಡೆದುಕೊಂಡಿತು. ಅವಳು ಹೆಸರು ನೋಡಿ ಮುಖ ಸಣ್ಣಗೆ ಮಾಡಿಕೊಂಡು, ನನಗೂ ಕೇಳಲಿ ಅಂತ ಸ್ಪೀಕರ್ ಹಾಕಿದಳು.

"ಎಲ್ಲಿದೀಯಮ್ಮ ಲತಾ?" ರಂಗೇಶನ ಅಣ್ಣ ಪ್ರಭುಲಿಂಗ. ಮೆತ್ತಗಿನ ದನಿ. ಈ ವಾರವೆಲ್ಲ ಓಡಾಡಿದವನು ಅವನೇ, ಮುಳುಗುಗಾರರನ್ನು ಕರೆಸಿದವನೂ ಅವನೇ.

"ಹೇಮಕ್ಕನ ಜೊತೆ ಹಿರಿಯೂರಿಗೆ ಬಂದೀನಿ ಭಾವ," ಅಂದಳು ಲತಾ. ಸುಳ್ಳು ಹೇಳುವಾಗ ಅವಳ ಕಣ್ಣು ನನ್ನ ಮೇಲೇ ಇತ್ತು.

"ನೋಡಮ್ಮ, ನಾನು ಹೊಸದುರ್ಗದಾಗೆ ಅಂಗಡಿ ಮುಂದೆ ನಿಂತೀನಿ. ನಾಳೆಗೆ ಸಾಮಾನು ತಗಂತಿದೀನಿ. ಹಿರೇರೆಲ್ಲ ಬೆಳಿಗ್ಗೆನೇ ಬಂದ್ಬಿಡ್ತಾರೆ. ನೀನು ಇವತ್ತು ಮನೇಲಿ ಇರ್ಬೇಕು."

"ಅವ್ರು ಸತ್ತಿಲ್ಲ ಭಾವ."

"ನಂಗೂ ತಮ್ಮ ಕಣಮ್ಮ ಅವ್ನು. ಹಂಗಂತ ಎಷ್ಟು ದಿನ ನೀರು ನೋಡ್ಕಂಡು ಕುಂತ್ಕಳಾಣ? ನಾಳೆ ದಂಡೆ ಮ್ಯಾಲೆ ಹಾಲುತುಪ್ಪ ಬಿಟ್ಬಿಡಾಣ. ಅವ್ನಿಗೂ ಶಾಂತಿ."

ಅವನ ಮಾತಿನ ಹಿಂದೆ ಎಲ್ಲೋ ಒಂದು ಗಂಟೆಯ ಸದ್ದು. ಢಕ್, ಢಕ್ ಅಂತ, ಒಡಕು ಗಂಟೆ. ಅಂಗಡಿಯ ಪಕ್ಕ ಗುಡಿ ಇರಬೇಕು ಅಂದುಕೊಂಡು ಸುಮ್ಮನಾದೆ. ಫೋನು ಇಟ್ಟ ಮೇಲೆ ಲತಾ ಕೈಬಳೆಗಳನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು ನಿಂತಳು.

ಹಾಲುತುಪ್ಪ ಆಗಿಬಿಟ್ಟರೆ ಬಳೆ ಹೋಗುತ್ತದೆ, ತಾಳಿ ಹೋಗುತ್ತದೆ. ಅದಕ್ಕಿಂತ ದೊಡ್ಡದು ಇನ್ನೊಂದು. ಮನೆಯವರೇ ಸತ್ತ ಅಂತ ಒಪ್ಪಿಕೊಂಡ ಮೇಲೆ ರಂಗೇಶನನ್ನು ಹುಡುಕುವವರು ಯಾರು? ಮುಳುಗುಗಾರರು ಮನೆಗೆ ಹೋಗುತ್ತಾರೆ, ಪೊಲೀಸರು ಫೈಲು ಮುಚ್ಚುತ್ತಾರೆ. ಬದುಕಿದ್ದರೂ ಅವನು ಸತ್ತವನೇ.

"ಅಳ್ತಾ ನಿಂತ್ರೆ ನಿನ್ ವೈಫೈ ಹೊರಟೋಗ್ತೈತೆ," ಅಂದೆ. "ನಡಿ, ಹೋಗಾಣ."

ಗುಡ್ಡದ ಆಚೆ ಮಗ್ಗುಲಿಗೆ ಇಳಿದೆವು. ಎಡಕ್ಕೆ ಹೋದರೆ ಒಂದು ಗೆರೆ, ಬಲಕ್ಕೆ ಹೋದರೆ ಮೂರು. ಒಮ್ಮೆ ಪೂರ್ತಿ ಹೋಗಿಬಿಟ್ಟಿತು. ಲತಾ "ಅಯ್ಯೋ" ಅಂತ ತಲೆಯ ಮೇಲೆ ಕೈಹೊತ್ತಳು. ನಾನು ಅವಳ ಕೈಯಿಂದ ಫೋನು ಕಿತ್ತುಕೊಂಡು ನೋಡಿದರೆ ನನಗೆ ಕಂಡದ್ದು ನನ್ನದೇ ಮುಖ, ಕ್ಯಾಮೆರಾ ಒತ್ತಿಬಿಟ್ಟಿದ್ದೆ.

"ಕೊಡ್ರಿ ಅಕ್ಕ ಇತ್ಲಾಗೆ!"

"ತಗಳವ್ವ, ಇದು ನಿನ್ ಕಾಲದ್ದು."

ತಪ್ಪಲಿನಲ್ಲಿ ಜಾಲಿಮುಳ್ಳಿನ ಬೇಲಿ ಹಾಕಿದ ಹಳೇ ರೊಪ್ಪವೊಂದಿತ್ತು. ಕುರಿಗಾರರು ದಾರಿಯಲ್ಲಿ ಮಂದೆ ತಂಗಿಸುವ ಜಾಗ. ಈಗ ಅಲ್ಲಿ ಕುರಿಗಳಿದ್ದವು. ಮಧ್ಯಾಹ್ನದ ಬಿಸಿಲಿಗೆ ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿ ನಿಂತಿದ್ದವು. ಒಂದು ಕತ್ತೆ, ಒಂದು ನಾಯಿ. ನಾಯಿ ನಮ್ಮನ್ನು ಕಂಡು ಗುಡ್ಡವೇ ಅದುರುವ ಹಾಗೆ ಬೊಗಳಿತು.

ಲತಾ ಫೋನು ನೋಡಿದಳು. ನನ್ನ ಮುಖ ನೋಡಿದಳು.

"ಪೂರ್ತಿ ಗೆರೆ ಅಕ್ಕ. ಇಲ್ಲೇ ಐತೆ ದೋಣಿ."

"ದೋಣಿ ಅನ್ಬ್ಯಾಡ ಕಣೇ. ನಂಗೆ ಈಗ್ಲೇ ತಲೆ ತಿರುಗ್ತೈತೆ."

"ಲೇ, ಯಾರದು?" ಬೇಲಿಯ ಒಳಗಿಂದ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ದೊಣ್ಣೆ ಹಿಡಿದ ಮುದುಕನೊಬ್ಬ ಎದ್ದು ಬಂದ. ನಾಯಿಯನ್ನು ಗದರಿಸಿ, ನಮ್ಮನ್ನು ಮೇಲಿಂದ ಕೆಳಗಿನವರೆಗೆ ನೋಡಿದ. "ಹೆಣ್ಮಕ್ಳಾ? ಬರ್ರಿ, ಬರ್ರಿ. ಚಪ್ಪಲಿ ಅಲ್ಲೇ ಬಿಟ್ಟು ಬರ್ರಿ. ರೊಪ್ಪದಾಗೆ ದೇವ್ರ ಸಾಮಾನು ಐತೆ."

ಬೇಲಿಯ ಬಾಯಲ್ಲಿ ತೂಕದ ಚರ್ಮದ ಮೆಟ್ಟುಗಳಿದ್ದವು, ಪಕ್ಕದಲ್ಲಿ ಹೆಂಗಸರ ಒಂದು ಜೊತೆ, ಇನ್ನೊಂದು ಜೊತೆ ರಬ್ಬರಿನವು, ಉಂಗುಟದ ಪಟ್ಟಿಗೆ ನೀಲಿ ನೈಲಾನ್ ಹಗ್ಗ ಸುತ್ತಿದವು. ನಮ್ಮವನ್ನೂ ಅಲ್ಲೇ ಬಿಟ್ಟೆವು. ಒಳಗೆ ಮೊದಲ ಹೆಜ್ಜೆಗೇ ನನ್ನ ಕಾಲಿಗೆ ಮುಳ್ಳು ಚುಚ್ಚಿತು. ದೇವರ ಹೆಸರಿನಲ್ಲಿ ಬೈಯುವ ಹಾಗೂ ಇರಲಿಲ್ಲ.

ಮುದುಕನ ಹೆಸರು ಕಾಟಲಿಂಗಪ್ಪ. ಅವನ ಹೆಂಡತಿ ಜಯಕ್ಕ, ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದವಳು, ನಮ್ಮನ್ನು ಕಂಡು "ಕುಂತ್ಕಳ್ರಿ" ಅಂದಳು. ಕುಳಿತುಕೊಳ್ಳುವ ಸ್ಥಿತಿಯಲ್ಲಿ ಲತಾ ಇರಲಿಲ್ಲ. ಅವಳ ಕಣ್ಣು ಕತ್ತೆಯ ಬೆನ್ನಿನ ಮೇಲೆ ನೆಟ್ಟಿತ್ತು.

ಕತ್ತೆಯ ಬೆನ್ನಿಗೆ ಹೊರೆ ಕಟ್ಟಿತ್ತು. ಹೊರೆಯ ಮೇಲೆ ಹೊಸ ಟವೆಲು ಹಾಸಿ, ಅದರ ಮೇಲೆ ಬಿಳಿ ಪೆಟ್ಟಿಗೆಯೊಂದನ್ನು ಉಣ್ಣೆ ಹುರಿಯಿಂದ ಭದ್ರವಾಗಿ ಕಟ್ಟಿ ಕೂರಿಸಿದ್ದರು. ಪೆಟ್ಟಿಗೆಗೆ ವಿಭೂತಿ, ಅರಿಸಿನ, ಕುಂಕುಮ. ಒಣಗಿದ ಚೆಂಡುಹೂವಿನ ಹಾರ. ಹೂವಿನ ಸಂದಿಯಲ್ಲಿ ನೀಲಿ ದೀಪವೊಂದು ಮಿಣ್ ಮಿಣ್ ಅನ್ನುತ್ತಿತ್ತು.

ದೋಣಿ ಸಿಕ್ಕಿತ್ತು. ಕತ್ತೆಯ ಮೇಲೆ.

ನನಗೆ ನಗು ಬಂತು, ತಡೆದುಕೊಂಡೆ. ಲತಾ ಮುಂದೆ ನುಗ್ಗಿ ಕೈಚಾಚಿದಳು. ಕಾಟಲಿಂಗಪ್ಪನ ದೊಣ್ಣೆ ಅಡ್ಡ ಬಂತು.

"ಮುಟ್ಬ್ಯಾಡ್ರಿ ತಾಯಿ."

"ಅದು ನಮ್ ದೋಣಿ ಡಬ್ಬಿ ಕಣಣ್ಣ!"

"ಡಬ್ಬಿ ಅನ್ಬ್ಯಾಡ್ರಿ," ಅಂದ ಅವನು, ನಿಜವಾಗಿ ನೊಂದುಕೊಂಡು. "ಹೊತ್ತು ಹುಟ್ಟಿದ್ರೆ ಕಣ್ಣು ಬಿಡ್ತೈತೆ, ಹೊತ್ತು ಮುಳುಗಿದ್ರೆ ಕಣ್ಣು ಮುಚ್ಕಂತೈತೆ. ಡಬ್ಬಿ ಹಂಗ್ ಮಾಡ್ತೈತಾ? ನೀರಿನ ದಂಡೇಲಿ ಅರಿಸಿನ ಕುಂಕುಮ ಹಚ್ಚಿ, ಹೂ ಏರಿಸಿ ಇಟ್ಟಿದ್ರು. ಯಾರೋ ಗಂಗಮ್ಮಂಗೆ ಒಪ್ಪಿಸಿರೋದು. ಅಂಥಾದ್ದು ಕಣ್ಣಿಗೆ ಬಿದ್ಮ್ಯಾಲೆ ಬಿಟ್ ಬರಂಗಿಲ್ಲ, ಬಿಚ್ಚಂಗಿಲ್ಲ, ನೆಲಕ್ಕಿಡಂಗಿಲ್ಲ. ಹೊರಕೆರೆದೇವಪುರದ ಗುಡಿಗೆ ಹೊತ್ಕಂಡೋಗಿ ಸ್ವಾಮಿಗೆ ಒಪ್ಪಿಸ್ಬಿಡ್ತೀನಿ. ನಮ್ಮಪ್ಪನ ಕಾಲದಿಂದ ನಾವು ಮಾಡಾದೇ ಹಿಂಗೆ."

ಲತಾ ಹಣೆ ಚಚ್ಚಿಕೊಂಡಳು. "ಅದು ಆಯುಧಪೂಜೆ ಕುಂಕುಮ ಕಣಣ್ಣಾ! ನಮ್ಮನೆಯೋರು ದೋಣಿಗೆ, ಇಂಜಿನ್ನಿಗೆ, ಪೆಟ್ಟಿಗೆಗೆ ಎಲ್ಲಾದಕ್ಕೂ ಹಚ್ಚಿದ್ರು. ಸ್ಪ್ಯಾನರಿಗೂ ಹಚ್ಚಿದ್ರು!"

"ಹಚ್ಚಿದ್ಮ್ಯಾಲೆ ಹಚ್ಚಿದಂಗೇ."

ನನ್ನ ಸ್ಕೂಟರಿಗೂ ಆಯುಧಪೂಜೆಯ ನಿಂಬೆಹಣ್ಣು ಇನ್ನೂ ಕಟ್ಟಿಕೊಂಡೇ ಇದೆ, ತೆಗೆಯಲು ನನಗೂ ಧೈರ್ಯ ಬಂದಿಲ್ಲ.

"ಯಜಮಾನ್ರೆ," ಅಂದೆ, ಸ್ವಲ್ಪ ಠಾಣೆಯ ದನಿ ತಂದುಕೊಂಡು, "ಇದು ಪೊಲೀಸ್ ಕೇಸಿನ ವಸ್ತು. ನಾಳೆ ನಿಮ್ಗೇ ತೊಂದ್ರೆ ಆಗ್ತೈತೆ."

"ಕೇಸು ನಿಮ್ದು, ದೇವ್ರು ನಮ್ದು. ನೀವೊಬ್ರೇನಾ ಕೇಳಾಕೆ ಬಂದಿರೋದು? ಯಾರು ಕೇಳಿದ್ರೂ ಕೊಡಂಗಿಲ್ಲ."

ದೊಣ್ಣೆ ಒಂದು ಇಂಚೂ ಅಲ್ಲಾಡಲಿಲ್ಲ. ಲತಾ ಕೂಗಾಡುತ್ತಾಳೆ ಅಂದುಕೊಂಡೆ. ಅವಳು ಕೂಗಾಡಲಿಲ್ಲ. ಕೊರಳಿಂದ ತಾಳಿ ಹೊರಗೆಳೆದು ಅಂಗೈಯಲ್ಲಿ ಹಿಡಿದು ಅವನ ಮುಂದೆ ಚಾಚಿದಳು.

"ನಾಳೆ ಇದನ್ನ ತೆಗೀತಾರೆ ಕಣಣ್ಣ. ನನ್ ಗಂಡ ನೀರಾಗೆ ಹೋದ್ರು ಅಂತ ಊರೆಲ್ಲ ಹೇಳ್ತೈತೆ. ನಾನೊಬ್ಳೇ ಇಲ್ಲ ಅಂತಿದೀನಿ. ಆ ಪೆಟ್ಟಿಗೆ ಒಂದೇ ನನ್ ಕಡೆ ಸಾಕ್ಷಿ. ನಾನು ಮುಟ್ಟಲ್ಲ, ಬಿಚ್ಚಲ್ಲ. ಎಲ್ಲಿ ಸಿಕ್ತು, ಹೆಂಗಿತ್ತು, ಅದನ್ನ ಹೇಳು ಸಾಕು."

ಮುದುಕ ತಾಳಿ ನೋಡಿ ಮುಖ ತಿರುಗಿಸಿಕೊಂಡ. ದೊಣ್ಣೆ ನಿಧಾನವಾಗಿ ಕೆಳಗಿಳಿಯಿತು. ಜಯಕ್ಕ ಸೊಪ್ಪು ಅಲ್ಲೇ ಬಿಟ್ಟು, "ಹೇಳಬಾರ್ದಾ, ಅದೇನು ಬಿಗುಮಾನ," ಅಂತ ಗಂಡನ ಮೇಲೆ ರೇಗಿದಳು.

"ಬಂಡೆ ಮ್ಯಾಲಿತ್ತು," ಅಂದ ಅವನು. "ನೀರಿಂದ ಮ್ಯಾಲೆ, ಒಣಬಂಡೆ. ತಲೆ ಮ್ಯಾಲಾಗಿ ಕುಂದ್ರಿಸಿದ್ರು, ಬಿಸಿಲಿಗೆ ಮಕ ಮಾಡಿ. ಅಲ್ಲಾಡ್ದಂಗೆ ಸುತ್ತ ಕಲ್ಲು ಕೊಟ್ಟಿದ್ರು. ನೀರು ತಂದು ಬಿಸಾಕಿದ್ದಲ್ಲ ತಾಯಿ. ಕೈಯಾರೆ ಇಟ್ಟಿದ್ದು."

ನಾನು ಕತ್ತೆಯ ಹಿಂದೆ ಮುಂದೆ ಸುತ್ತಿ, ಕೈ ಹಿಂದೆ ಕಟ್ಟಿಕೊಂಡು, ಬಗ್ಗಿ ನೋಡಿದೆ. ಪೆಟ್ಟಿಗೆಯನ್ನು ದೋಣಿಗೆ ಬಿಗಿಯುವ ಕಬ್ಬಿಣದ ಪಟ್ಟಿ ಹಾಗೇ ಇತ್ತು. ಮುರಿದಿರಲಿಲ್ಲ, ಬಾಗಿರಲಿಲ್ಲ. ಬೋಲ್ಟು ಬಿಚ್ಚಿ, ಕಳೆದುಹೋಗದ ಹಾಗೆ ಮತ್ತೆ ಅದದೇ ತೂತಿಗೆ ಏರಿಸಿ ಇಟ್ಟಿದ್ದರು.

ಮುಳುಗುತ್ತಿರುವವನು ಬೋಲ್ಟು ಬಿಚ್ಚುತ್ತಾನೆಯೇ? ಬಿಚ್ಚಿ ಮತ್ತೆ ಹಾಕುತ್ತಾನೆಯೇ? ರಂಗೇಶನೇ ಇಟ್ಟಿದ್ದರೆ, ದಡಕ್ಕೆ ಬಂದವನು ಮನೆಗೆ ಯಾಕೆ ಬರಲಿಲ್ಲ? ಬೇರೆ ಯಾರೋ ಇಟ್ಟಿದ್ದರೆ, ಕದ್ದ ಮಾಲನ್ನು ಬಿಸಿಲಿಗೆ ಮುಖ ಮಾಡಿ ಕೂರಿಸುವ ಕಳ್ಳ ಎಲ್ಲಿದ್ದಾನೆ? ಗಂಟು ಬಿಚ್ಚುತ್ತದೆ ಅಂತ ಬಂದರೆ ಇನ್ನೂ ನಾಲ್ಕು ಗಂಟು ಬಿತ್ತು.

ಲತಾಳಿಗೆ ಮಾತ್ರ ಯಾವ ಗಂಟೂ ಕಾಣಲಿಲ್ಲ. ಅವಳ ಮುಖ ಅರಳಿಬಿಟ್ಟಿತ್ತು.

"ಅವ್ರೇ ಇಟ್ಟಿರೋದು ಅಕ್ಕ. ಬೋಲ್ಟು ಹಂಗೆ ತಿರುಗಿ ಹಾಕಿಡೋದು ಅವ್ರ ಅಭ್ಯಾಸ. ನನ್ ಫೋನಿಗೆ ಸಿಗ್ಲಿ ಅಂತಾನೇ ಬಿಸಿಲಿಗಿಟ್ಟವ್ರೆ. ಬದುಕವ್ರೆ ಅಕ್ಕ, ಬದುಕವ್ರೆ!"

"ಇರಬಹುದು," ಅಂದೆ. ಇಲ್ಲ ಅನ್ನುವ ಮನಸ್ಸಾಗಲಿಲ್ಲ.

ಜಯಕ್ಕ ಎರಡು ಲೋಟ ಮಜ್ಜಿಗೆ ತಂದು ಕೊಟ್ಟಳು. "ಇದೊಂದು ಪೆಟ್ಟಿಗೆಗೆ ಏನು ಜನವೋ! ಬೆಳಿಗ್ಗೆಯಿಂದ ಅವ್ರೂ ಹಿಂಗೇ ಬಾಯಿ ಒಣಗಿಸ್ಕಂಡು ಕೇಳಿದ್ರು. ಇವ್ರು ಕೊಡಲ್ಲ ಅಂದ್ರು. ಒಪ್ಪೋವರ್ಗೂ ಎದ್ದೋಗಲ್ಲ ಅಂತ..."

"ಯಾರು ಕೇಳಿದ್ದು?" ಅಂದೆ, ಲೋಟ ಬಾಯಿಗೆ ಹೋಗುವ ಮೊದಲೇ.

"ಅಕ್ಕಾ!"

ಲತಾ ಅರಚಿದ ರಭಸಕ್ಕೆ ಕುರಿಗಳೆಲ್ಲ ಒಟ್ಟಿಗೆ ಬೆಚ್ಚಿದವು. ನಾನು ಮಜ್ಜಿಗೆ ಚೆಲ್ಲಿಕೊಂಡು ಓಡಿದೆ.

ಅವಳು ಫೋನಿನಲ್ಲಿ ಪೆಟ್ಟಿಗೆಯ ಒಳಪುಟ ತೆರೆದಿದ್ದಳು. ಟಿಕೆಟ್ ಕೌಂಟರಿನಲ್ಲಿ ದಿನಾ ಅದನ್ನು ನೋಡುವುದು ಅವಳ ಕೆಲಸ. ಯಾವ ದೋಣಿಯ ವೈಫೈಗೆ ಯಾರ ಫೋನು ಅಂಟಿಕೊಂಡಿದೆ ಅಂತ ಅದರಲ್ಲಿ ಕಾಣುತ್ತದೆ.

ಈಗ ಅದರಲ್ಲಿ ಎರಡು ಫೋನುಗಳಿದ್ದವು. ಒಂದು ಲತಾ. ಅದರ ಕೆಳಗೆ ಇನ್ನೊಂದು, ‘ಯಜಮಾನ್ರು’.

"ಅವ್ರ ಫೋನು," ಅಂದಳು. "ಹೊಸ ಫೋನು ತಂದಾಗ ಹೆಸರು ನಾನೇ ಹಾಕಿದ್ದು. ಅವ್ರ ಹೆಸರು ಬರೆಯಾಕೆ ನಾಚಿಕೆ ಆಗಿ ಹಂಗೆ ಹಾಕಿದ್ದೆ. ಅಕ್ಕ, ಈ ಪೆಟ್ಟಿಗೆ ಹರವು ಈ ಗುಡ್ಡ ದಾಟಲ್ಲ. ಅವ್ರು ಇಲ್ಲೇ ಅವ್ರೆ!"

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ನಾನು ಸುತ್ತ ನೋಡಿದೆ. ಕುರಿ, ಮರಿ, ಮುಳ್ಳು, ಒಂದು ಮೂಲೆಯಲ್ಲಿ ಕಂಬಳಿ ಕಟ್ಟಿದ ಮರೆ. ಮನುಷ್ಯ ಅನ್ನುವವನು ನಾವು ನಾಲ್ವರು ಬಿಟ್ಟರೆ ಕಣ್ಣಿಗೆ ಬೀಳಲಿಲ್ಲ.

"ರೀ!" ಲತಾ ಕೂಗಿದಳು. "ರೀ, ನಾನು ಕಣ್ರೀ! ಎಲ್ಲಿದೀರಿ? ಬರ್ರಿ ಹೊರಗೆ! ಯಾರ್ಗೂ ಏನೂ ಹೇಳಲ್ಲ, ಬರ್ರೀ!"

ಗುಡ್ಡ ಅವಳ ಕೂಗನ್ನು ತಿರುಗಿಸಿ ಕೊಟ್ಟಿತು. ಬೇರೆ ಉತ್ತರ ಬರಲಿಲ್ಲ.

ಅವಳು ಫೋನಿನ ಕಡೆ ನೋಡಿದಳು. ನಾನೂ ನೋಡಿದೆ. ಯಜಮಾನ್ರು ಅನ್ನುವ ಹೆಸರು ನಮ್ಮ ಕಣ್ಣೆದುರಿಗೇ ಮಾಯವಾಯಿತು. ಪೆಟ್ಟಿಗೆಯ ದೀಪ ಹೊಳೆಯುತ್ತಲೇ ಇತ್ತು, ಲತಾಳ ಹೆಸರು ಇದ್ದೇ ಇತ್ತು. ಆ ಒಂದು ಹೆಸರು ಮಾತ್ರ ಹೋಯಿತು.

ಲತಾ ನಿಂತಲ್ಲೇ ಕುಸಿದು ಕುಳಿತಳು. ಕುರಿಹಿಕ್ಕೆ, ಮುಳ್ಳು ಅಂತಲೂ ನೋಡಲಿಲ್ಲ.

"ನನ್ ದನಿ ಕೇಳಿ ಆರಿಸ್ಬಿಟ್ರು ಅಕ್ಕ."

"ಲೇ, ಏನೇನೋ ಅಂದ್ಕಬ್ಯಾಡ."

"ಇನ್ನೇನು ಅಂದ್ಕಳ್ಳಿ? ನಾನು ಕೂಗಿದೆ, ಅವ್ರು ಆರಿಸಿದ್ರು. ಈ ವಾರ ನಾನು ಊಟ ಮಾಡಿಲ್ಲ. ಊರೋರ ಕೈಲಿ, ಭಾವನ ಕೈಲಿ ಎಷ್ಟು ಅನ್ನಿಸ್ಕಂಡೆ. ಗಂಡನ ಸಾವ್ನೂ ಒಪ್ಪದ ಹಟಮಾರಿ ಅಂದ್ರು. ಎಲ್ಲಾ ತಡ್ಕಂಡೆ. ನನ್ ಕೂಗು ಕೇಳಿ ಬಚ್ಚಿಟ್ಕಳ್ಳೋ ಗಂಡಂಗೋಸ್ಕರಾನಾ?" ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನಾಳೆ ಹಾಲುತುಪ್ಪ ಬಿಡ್ಲಿ ಬಿಡ್ರಿ. ನಾನೇ ಮುಂದೆ ನಿಂತು ಬಿಡಿಸ್ತೀನಿ."

ಅವಳ ಹೆಗಲ ಮೇಲೆ ಕೈಯಿಟ್ಟು ನಿಂತೆ. ಕತ್ತೆ ಈ ಗಲಾಟೆ ಸಾಕು ಅನ್ನುವ ಹಾಗೆ ತಲೆ ಕೊಡವಿತು.

ಢಕ್, ಢಕ್.

ಕತ್ತೆಯ ಕೊರಳಲ್ಲಿ ಗಂಟೆ. ಒಡಕು ಗಂಟೆ.

ಹೊಸದುರ್ಗದ ಅಂಗಡಿಯ ಪಕ್ಕದ ಗುಡಿಯ ಗಂಟೆ ಇಲ್ಲಿ ಹೇಗೆ ಬಂತು? ಅಯ್ಯೋ ಹೇಮಾವತಿ, ನಿನ್ನ ಬುದ್ಧಿಗಿಷ್ಟು! ಅಂಗಡಿಯೂ ಇರಲಿಲ್ಲ, ಗುಡಿಯೂ ಇರಲಿಲ್ಲ.

"ಜಯಕ್ಕ," ಅಂದೆ, "ಬೆಳಿಗ್ಗೆಯಿಂದ ಕೇಳ್ತಾ ಕುಂತೋರು ಎಲ್ಲಿ ಈಗ?"

"ಅಲ್ಲೇ ಕಣವ್ವ, ಕಂಬಳಿ ಮರೆಯಾಗೆ. ಬಿಸಿಲು ಅಂತ ಒರಗಿದ್ರು. ಮಜ್ಜಿಗೆ ಕೊಟ್ಟೀನಿ."

ಕಂಬಳಿ ಸರಿಸಿದೆ. ಅರ್ಧ ಕುಡಿದ ಮಜ್ಜಿಗೆ ಲೋಟ ಇತ್ತು. ಹಿಂದೆ ಬೇಲಿಯ ಜಾಲಿಮುಳ್ಳನ್ನು ಯಾರೋ ಆತುರದಲ್ಲಿ ಕಿತ್ತು ಸಂದಿ ಮಾಡಿದ್ದರು. ಸಂದಿಯ ಆಚೆ ಕಲ್ಲಿನ ಮೇಲೆ ರಕ್ತದ ಹೆಜ್ಜೆ ಒಂದು ಮೂಡಿತ್ತು. ಅದರಿಂದಾಚೆಗೆ ಕುರುಚಲು ಕಾಡು.

ಬರಿಗಾಲು. ಹೌದಲ್ಲ! ರೊಪ್ಪದೊಳಗೆ ಬಂದವನು ಯಾರೇ ಆಗಲಿ ಚಪ್ಪಲಿ ಹೊರಗೆ ಬಿಡಲೇಬೇಕು, ಕಾಟಲಿಂಗಪ್ಪ ಬಿಡಿಸದೆ ಬಿಡುವವನಲ್ಲ. ಮುಂಬಾಗಿಲಲ್ಲಿ ನಾವು ನಿಂತಿದ್ದೆವು, ಅವನು ಹಿಂದಿನಿಂದ ಓಡಿದ. ಚಪ್ಪಲಿ ಇಲ್ಲೇ ಉಳಿದವು.

ನೀಲಿ ಹಗ್ಗ ಸುತ್ತಿದ ರಬ್ಬರ್ ಚಪ್ಪಲಿಗಳನ್ನು ಎತ್ತಿಕೊಂಡು ಬಂದು ಲತಾಳ ಮುಂದೆ ಹಿಡಿದೆ. ಬೇಲಿಯ ಒಳಗೆ ತಂದದ್ದಕ್ಕೆ ಮುದುಕ "ಹೋ ಹೋ" ಅಂತ ಕೂಗಿದ, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

"ಇವು ರಂಗೇಶಂದಾ?"

ಲತಾ ತಲೆಯೆತ್ತಿದಳು. "ಅವ್ರವು ದೋಣೀಲೇ ಸಿಕ್ವಲ್ಲ ಅಕ್ಕ." ಅಂದವಳು ತಟ್ಟನೆ ಮಾತು ನಿಲ್ಲಿಸಿದಳು. ಎಡಗಾಲಿನದನ್ನು ಕೈಗೆ ತಗೊಂಡು ಹಿಮ್ಮಡಿಯ ಸವೆತ ನೋಡಿದಳು. ನೀಲಿ ಹಗ್ಗದ ಗಂಟನ್ನು ಬೆರಳಿಂದ ಮುಟ್ಟಿದಳು.

"ಹೇಮಕ್ಕ," ಅಂದಳು ಬಹಳ ಮೆಲ್ಲಗೆ, "ಬಾಗಿಲು ಕಸ ಗುಡಿಸುವಾಗ ದಿನಾ ಇವನ್ನ ಎತ್ತಿ ಪಕ್ಕಕ್ಕಿಡೋಳು ನಾನು. ಇವು ನಮ್ ಭಾವನವು."

ಅಂದರೆ ತಮ್ಮ ನೀರುಪಾಲಾದ ಅಂತ ಅತ್ತವನ ಜೇಬಿನಲ್ಲಿ ತಮ್ಮನ ಫೋನಿತ್ತು. ಆ ಫೋನು ಹಿಡಿದುಕೊಂಡೇ, ನಮ್ಮ ಹಾಗೇ ಗೆರೆ ನೋಡುತ್ತ, ಅವನೂ ಈ ಪೆಟ್ಟಿಗೆಯನ್ನು ಹುಡುಕಿ ಬಂದಿದ್ದ. ಇಷ್ಟು ತಿಳಿಯಿತು. ಯಾಕೆ ಅಂತ ತಿಳಿಯಲಿಲ್ಲ. ರಂಗೇಶ್ ಎಲ್ಲಿ ಅನ್ನುವುದಂತೂ ಮೊದಲಿಗಿಂತ ಕತ್ತಲಾಯಿತು. ಫೋನು ಅಣ್ಣನ ಹತ್ತಿರ ಇದೆ ಅಂದ ಮೇಲೆ ತಮ್ಮ ಬದುಕಿದ್ದಾನೆ ಅನ್ನುವುದಕ್ಕೆ ಏನು ಉಳಿಯಿತು?

ಲತಾಳ ಫೋನು ಹೊಡೆದುಕೊಂಡಿತು. ಭಾವ.

ನಾನು ಬೆರಳು ತುಟಿಗಿಟ್ಟು ತೋರಿಸಿದೆ. ಗೊತ್ತಾದ ಹಾಗೆ ತೋರಿಸಿಕೊಳ್ಳಬೇಡ, ಮಾತಾಡಿಸುತ್ತ ಇರು ಅಂತ. ಅವಳು ತಲೆಯಾಡಿಸಿ ಸ್ಪೀಕರ್ ಹಾಕಿದಳು.

"ಲತಾ... ಹಿರಿಯೂರಿಂದ ಹೊರಟ್ಯೇನಮ್ಮ?" ಏದುಸಿರು. ಮಾತು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದ. ಲತಾಳ ಕೂಗು ಇಲ್ಲೇ ಕೇಳಿ ಓಡಿದವನು, ಕೇಳದವನ ಹಾಗೆ ನಟಿಸುತ್ತಿದ್ದ.

"ಹೊರಡ್ತೀನಿ ಭಾವ. ನೀವೆಲ್ಲಿದೀರಿ?"

"ಹೇಳಿದ್ನಲ್ಲ, ಹೊಸದುರ್ಗದಾಗೆ... ಅಂಗಡೀಲಿ. ಸಾಮಾನು ಕಟ್ಟಿಸ್ತಿದೀನಿ."

ಲತಾ ಕೈಯಲ್ಲಿದ್ದ ಚಪ್ಪಲಿ ನೋಡಿದಳು. ಬೇಡ, ಬೇಡ ಅಂತ ನಾನು ಕೈ ಅಲ್ಲಾಡಿಸಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ಹಂಗಾದ್ರೆ ಹಂಗೇ ಒಂದು ಜೊತೆ ಚಪ್ಪಲಿನೂ ತಗಳ್ರಿ ಭಾವ," ಅಂದಳು. "ಮುಳ್ಳು ಜಾಸ್ತಿ ಚುಚ್ಚೈತೆ ಅಂತ ಕಾಣ್ತೈತೆ."

ಮುಗಿಯಿತು. ನಾನು ಹಣೆ ಹಿಡಿದುಕೊಂಡೆ. ಆ ಕಡೆ ಏದುಸಿರು ಕೂಡ ನಿಂತುಹೋಯಿತು. ಇಟ್ಟುಬಿಟ್ಟ ಅಂದುಕೊಂಡೆ, ಇಟ್ಟಿರಲಿಲ್ಲ. ಮತ್ತೆ ಬಂದ ದನಿ ಪ್ರಭುಲಿಂಗನದೇ, ಆದರೆ ಮೆತ್ತಗಿನದಾಗಿರಲಿಲ್ಲ. ಅದರಲ್ಲಿ ಸಿಟ್ಟೂ ಇರಲಿಲ್ಲ. ಹೆದರಿದ ಮನುಷ್ಯನ ದನಿ ಅದು.

"ಆ ಪೆಟ್ಟಿಗೆ ಆರಿಸ್ಬಿಡು ಲತಾ. ನನ್ ಕಣ್ಣಿಗೆ ಬಿದ್ದದ್ದು ರಂಗನ್ನ ಹುಡುಕ್ತಿರೋರ ಕಣ್ಣಿಗೂ ಬೀಳ್ತೈತೆ. ನಾಳೆ ಬಾ, ಬಳೆ ತೆಗೆಸ್ಕ, ಊರೆಲ್ಲ ನೋಡೋ ಹಂಗೆ ಅಳು. ರಂಗ ಉಳೀಬೇಕು ಅಂದ್ರೆ ನಾಳೆ ಹಾಲುತುಪ್ಪ ಆಗ್ಲೇಬೇಕು."